ಬಿಳಿ ಅಂಗಿ ತೊಡುವ ಮುನ್ನ

ಮಕ್ಕಳೇ, ನಿಮ್ಮ ತರಗತಿಯ ಕ್ರೈಸ್ತ ಗೆಳೆಯನೋ ಗೆಳತಿಯೋ ಈಚೆಗೆ ಭಾನುವಾರದ ಆಟಕ್ಕೆ ತಡವಾಗಿ ಬರುತ್ತಿದ್ದಾರೆಯೆ? ಬಹುಶಃ ಪೂಜೆ ಮುಗಿದ ಮೇಲೆ ಧರ್ಮೋಪದೇಶದ ತರಗತಿಯಲ್ಲಿ ಕೂತಿರುತ್ತಾರೆ. ಕಥೋಲಿಕರಿಗೆ ಏಳು ಸಂಸ್ಕಾರಗಳು. ಮೊದಲನೆಯದಾದ ದೀಕ್ಷಾಸ್ನಾನ ಹೆಚ್ಚಿನವರಿಗೆ ತೊಟ್ಟಿಲ ಕಾಲದಲ್ಲೇ ಆಗಿಬಿಡುವುದರಿಂದ ಅದರ ನೆನಪಿರುವುದಿಲ್ಲ. ತಿಳಿದು, ತಾನೇ ನಡೆದುಹೋಗಿ ಪಡೆಯುವ ಮೊದಲ ಸಂಸ್ಕಾರಗಳೆಂದರೆ ಪಾಪನಿವೇದನೆ ಮತ್ತು ಪರಮಪ್ರಸಾದ.

ಯಾವ ವಯಸ್ಸಿಗೆ? ಹಿಂದೆ ಹತ್ತು ಹನ್ನೆರಡಾದರೂ ಕಾಯಬೇಕಿತ್ತು. ಫ್ರಾನ್ಸಿನ ಸಂತ ತೆರೇಸಾ, ಲಿಸ್ಯೂ ಊರಿನವಳು, ಹುಟ್ಟಿದ್ದು 1873ರ ಜನವರಿ 2ರಂದು. ಎರಡು ದಿನ ಮೊದಲು ಹುಟ್ಟಿದ್ದರೆ ಒಂದು ವರ್ಷ ಮೊದಲೇ ಅವಳ ಸರದಿ ಬರುತ್ತಿತ್ತು! ಕಡೆಗೆ 1884ರ ಮೇ 8ರಂದು, ಹನ್ನೊಂದನೆಯ ವಯಸ್ಸಿನಲ್ಲಿ, ಅವಳ ಆಸೆ ಕೈಗೂಡಿತು. ಕಾನ್ವೆಂಟು ಸೇರಿದ್ದ ಅಕ್ಕ ಪೌಲೀನಾ ಅವಳಿಗಾಗಿ ಒಂದು ಪುಟ್ಟ ಪುಸ್ತಕ ಮಾಡಿಕೊಟ್ಟಿದ್ದಳು. ಮಾಡಿದ ಒಂದೊಂದು ಸಣ್ಣ ತ್ಯಾಗವನ್ನೂ ಹೂವೆಂದು ಭಾವಿಸಿ ತೆರೇಸಾ ಅದರಲ್ಲಿ ಲೆಕ್ಕ ಇಡುತ್ತಿದ್ದಳು.

1910ರ ಆಗಸ್ಟ್ 8ರಂದು ಪೋಪ್ ಹತ್ತನೇ ಪಿಯುಸ್ ಅಪ್ಪಣೆ ಹೊರಡಿಸಿ, ಸುಮಾರು ಏಳು ವರ್ಷವಾಗಿ ಬುದ್ಧಿ ತಿಳಿದರೆ ಸಾಕೆಂದರು. ಮನೆಯ ರೊಟ್ಟಿಗೂ ಪೂಜೆಯಲ್ಲಿ ಕೊಡುವ ರೊಟ್ಟಿಗೂ ಇರುವ ವ್ಯತ್ಯಾಸ ಮಗುವಿಗೆ ಗೊತ್ತಿರಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಎಂಟು ಒಂಬತ್ತರ ಮಕ್ಕಳನ್ನು ಸಿದ್ಧಪಡಿಸುತ್ತಾರೆ. ಪ್ರಾರ್ಥನೆಗಳು, ಹತ್ತು ಕಟ್ಟಳೆಗಳು, ಕೈ ಜೋಡಿಸಿ ಸಾಲಾಗಿ ನಡೆಯುವ ಅಭ್ಯಾಸ. ಪೂಜೆಯಲ್ಲಿ ಅರ್ಪಿಸದ ರೊಟ್ಟಿ ಕೊಟ್ಟು ನಾಲಿಗೆಗೂ ಅಭ್ಯಾಸ ಮಾಡಿಸುವುದುಂಟು. ಗೋಧಿ ಹಿಟ್ಟು, ನೀರು ಅಷ್ಟೇ, ಉಪ್ಪಿಲ್ಲ, ಸಕ್ಕರೆಯಿಲ್ಲ.

ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ ಉಪವಾಸದ ಕತೆ ಕೇಳಿ. ಆಗ ನಡುರಾತ್ರಿಯಿಂದ ಹನಿ ನೀರೂ ಕುಡಿಯುವಂತಿರಲಿಲ್ಲ. 1953ರಲ್ಲಿ ನೀರಿಗೆ ಅನುಮತಿ ಸಿಕ್ಕಿತು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಿಂದ ಒಂದೇ ಗಂಟೆ.

ಮಕ್ಕಳನ್ನು ನಿಜವಾಗಿ ಕಾಡುವುದು ಮೊದಲ ಪಾಪನಿವೇದನೆ. ‘ಫಾದರ್ ಬೈದರೆ? ಅಮ್ಮನಿಗೆ ಹೇಳಿಬಿಟ್ಟರೆ?’ ಕೇಳಿ ಪುಟ್ಟಾ: ಅಲ್ಲಿ ಕೇಳಿದ್ದನ್ನು ಫಾದರ್ ನಿನ್ನ ಅಮ್ಮನಿಗಾಗಲಿ, ಟೀಚರಿಗಾಗಲಿ, ಪೊಲೀಸರಿಗಾಗಲಿ ಹೇಳುವಂತಿಲ್ಲ. ಬೇಕೆಂದೇ ಹೇಳಿದರೆ ಅವರಿಗೇ ಬಹಿಷ್ಕಾರ. ಮಂತ್ರ ಮರೆತುಹೋದರೆ ಅವರೇ ಹೇಳಿಕೊಡುತ್ತಾರೆ. ಇನ್ನೊಂದು ಮಾತು. ಕೈಜಾರಿ ಬಿದ್ದು ಒಡೆದ ಲೋಟ ಪಾಪವಲ್ಲ. ಒಡೆದದ್ದು ತಮ್ಮ ಎಂದು ಬೊಟ್ಟು ಮಾಡಿದ್ದರೆ, ಅದನ್ನು ಹೇಳಬೇಕು. ಕದ್ದ ಪೆನ್ಸಿಲಿನ ವಿಷಯ ಹೇಳಿಕೊಂಡರೆ ಸಾಲದು, ಪೆನ್ಸಿಲೂ ವಾಪಸು ಹೋಗಬೇಕು. ಪಾಪ ಏನೂ ಹೊಳೆಯಲಿಲ್ಲವೆಂದು ಹೊಸದಾಗಿ ಕಟ್ಟಿ ಹೇಳುವ ಮಕ್ಕಳೂ ಇದ್ದಾರೆ. ಅದು ಬೇಡ, ಅದೇ ಒಂದು ಸುಳ್ಳಾದೀತು!

ಅಜ್ಜ ಅಜ್ಜಿಯರಲ್ಲಿ ಒಂದು ಬಿನ್ನಹ. ‘ತಾಳು, ಫಾದರಿಗೆ ಹೇಳ್ತೀನಿ’ ಎಂದು ಗದರಬೇಡಿ. ಮಗುವಿನ ಕಣ್ಣಿಗೆ ಗುಡಿಯೇ ಪೊಲೀಸ್ ಠಾಣೆಯಾಗುತ್ತದೆ. ಹೊರಗೆ ಬಂದ ಮೇಲೆ ‘ಏನು ಹೇಳಿದೆ?’ ಎಂದು ಕೆದಕಲೂಬೇಡಿ. ಬದಲಿಗೆ, ನಿಮ್ಮ ಮೊದಲ ಪಾಪನಿವೇದನೆಯ ದಿನ ನಿಮ್ಮ ಕಾಲು ನಡುಗಿತ್ತೆ ಎಂಬುದನ್ನು ಹೇಳಿ. ರಾತ್ರಿ ಜಪಸರ ಹೇಳುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಷ್ಟೋ ಮಕ್ಕಳಿಗೆ ಪ್ರಾರ್ಥನೆ ಬಾಯಿಗೆ ಬಂದಿರುವುದು ಅಜ್ಜಿಯ ಮಡಿಲಲ್ಲೇ.

ಮಗುವಿಗೆ ಬಾಯಿಪಾಠ ಹತ್ತುವುದಿಲ್ಲ, ಮಾತು ತಡ ಎಂದಿದ್ದರೆ ಮನೆಯಲ್ಲೇ ಕೊರಗದೆ ಫಾದರ್ ಜೊತೆ ಮೊದಲೇ ಮಾತಾಡಿ. ಧರ್ಮಸಭೆಯ ಕಾನೂನು ಕೇಳುವುದು ಮಗುವಿನ ಶಕ್ತಿಗೆ ತಕ್ಕ ತಿಳಿವಳಿಕೆಯನ್ನೇ ಹೊರತು ಪರೀಕ್ಷೆಯ ಅಂಕವನ್ನಲ್ಲ. ಸಾವಿನಂಚಿನಲ್ಲಿರುವ ಮಗುವಿಗಂತೂ ಇದು ಬರಿಯ ಊಟವಲ್ಲ ಎಂಬಷ್ಟು ತಿಳಿದು, ಭಕ್ತಿಯಿಂದ ಸ್ವೀಕರಿಸಲು ಆದರೆ ಸಾಕು. ಉಡುಪಿನ ಚಿಂತೆಯೂ ಅತಿಯಾಗದಿರಲಿ. ಕೆಲವು ಧರ್ಮಕೇಂದ್ರಗಳಲ್ಲಿ ಎಲ್ಲರಿಗೂ ಒಂದೇ ಬಗೆಯ ಬಿಳಿ ಅಂಗಿ. ಸಾಲ ಮಾಡಿ ಜರಿ ಫ್ರಾಕು ತರುವುದಕ್ಕಿಂತ ಅದೇ ಮೇಲು.

ಗೆಳೆಯ ಆ ದಿನಕ್ಕೆ ನಿಮ್ಮನ್ನು ಕರೆದರೆ ಖಂಡಿತ ಹೋಗಿ ಮಕ್ಕಳೇ. ಪರಮಪ್ರಸಾದದ ಸಾಲಿನಲ್ಲಿ ಮಾತ್ರ ನಿಲ್ಲಬೇಡಿ, ಕೂತಲ್ಲಿಂದಲೇ ನೋಡಿ. ಆಮೇಲೆ ಕೇಕು ಇದ್ದರೆ ಅದು ಎಲ್ಲರಿಗೂ!