ಹಲ್ಲು ತಪ್ಪುವ ಚೈನು

ಬೆಂಗಳೂರಿನ ಪೂರ್ವಭಾಗದಲ್ಲಿ 1940ರಲ್ಲಿ ವಿಮಾನ ಕಾರ್ಖಾನೆಯೂ 1948ರಲ್ಲಿ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯೂ ಸ್ಥಾಪಿತವಾದ ತರುವಾಯ, ಹಲಸೂರಿನಿಂದ ಕೃಷ್ಣರಾಜಪುರದ ಕಡೆಗೆ ಸಾಗುವ ಹಳೆಯ ಮದರಾಸು ರಸ್ತೆಯಲ್ಲಿ ಪಾಳಿಯ ಹೊತ್ತಿಗೆ ಸಾಲುಗಟ್ಟುತ್ತಿದ್ದ ಕಾರ್ಮಿಕರ ಸೈಕಲ್ಲುಗಳನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. 1949ರಲ್ಲಿ ಮದರಾಸಿನಲ್ಲಿ ಆರಂಭವಾದ ಟಿ.ಐ. ಸೈಕಲ್ಸ್ ಸಂಸ್ಥೆಯ ಹರ್ಕ್ಯುಲಿಸ್ ಮೊದಲಾದ, ಕರಿಯ ಬಣ್ಣದ, ಇಪ್ಪತ್ತೆಂಟು ಅಂಗುಲದ ಗಾಲಿಯ, ಗೇರುಗಳ ಗೊಡವೆಯಿಲ್ಲದ ಆ ಗಟ್ಟಿ ವಾಹನಗಳು ಹಾಲು, ಪೇಪರು, ಎಳನೀರುಗಳನ್ನು ಹೊತ್ತು ಇಂದಿಗೂ ದುಡಿಯುವುದುಂಟು. ಅವುಗಳ ಉಕ್ಕಿನ ಚೌಕಟ್ಟು ಮೂರು ತಲೆಮಾರನ್ನು ಸಲೀಸಾಗಿ ದಾಟಬಲ್ಲುದು. ಆದರೆ ಚೈನಿನ ಆಯುಷ್ಯ ಬಹು ಕಡಮೆ. ಅದು ಸವೆದುದರ ಮೊದಲ ಸೂಚನೆಯೇ ಹಲ್ಲು ತಪ್ಪುವುದು.

ಹಲಸೂರು ಕೆರೆಯ ತಗ್ಗಿನಿಂದ ಟ್ರಿನಿಟಿ ವೃತ್ತದ ಕಡೆಗೆ ಏರುವಾಗ, ಸವಾರನು ಸೀಟಿನಿಂದ ಮೇಲೆದ್ದು ಮೈಭಾರವನ್ನೆಲ್ಲ ಒಂದು ಪೆಡಲಿನ ಮೇಲೆ ಬಿಟ್ಟ ಕ್ಷಣದಲ್ಲಿಯೇ ‘ಕಟಕ್’ ಎಂಬ ಸದ್ದಿನೊಡನೆ ಕಾಲು ಆಧಾರ ತಪ್ಪಿ ಕೆಳಗೆ ಕುಸಿಯುತ್ತದೆ. ಸಮನೆಲದಲ್ಲಿ ಸುಮ್ಮನಿದ್ದ ಚೈನು ಏರಿನಲ್ಲಿಯೇ ಏಕೆ ಮೋಸಮಾಡಬೇಕೆಂಬುದಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ: ಪೆಡಲಿನ ಕ್ರ್ಯಾಂಕು ಸುಮಾರು ಆರೂವರೆ ಅಂಗುಲ ಉದ್ದ, 48 ಹಲ್ಲಿನ ಮುಂದಿನ ಚಕ್ರದ ತ್ರಿಜ್ಯವಾದರೋ ನಾಲ್ಕು ಅಂಗುಲಕ್ಕೂ ತುಸು ಕಡಮೆ, ಆದುದರಿಂದ 60 ಕಿಲೋಗ್ರಾಂ ತೂಕದ ಮನುಷ್ಯನು ಅಡ್ಡವಾಗಿರುವ ಕ್ರ್ಯಾಂಕಿನ ಮೇಲೆ ನಿಂತರೆ ಚೈನು ಸುಮಾರು 100 ಕಿಲೋಗ್ರಾಂ ಭಾರದ ಸೆಳೆತವನ್ನು ತಾಳಬೇಕಾಗುತ್ತದೆ.

ಈ ಭಾರವನ್ನು ತಾಳುವ ಸಾಧನದ ರಚನೆ ಅತ್ಯಂತ ಚತುರವಾದುದು. ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಸ್ ಸಂಜಾತ ಹ್ಯಾನ್ಸ್ ರೆನಾಲ್ಡನು 1880ರಲ್ಲಿ ಹಕ್ಕುಪತ್ರ ಪಡೆದ ಚೈನಿನಲ್ಲಿ ಪ್ರತಿ ಸಂಧಿಗೂ ಒಂದು ಪಿನ್ನು, ಅದನ್ನು ಸುತ್ತುವರಿದ ಬುಷ್ಷು, ಬುಷ್ಷಿನ ಮೇಲೆ ತಿರುಗುವ ರೋಲರು ಇವೆ. ಐದು ವರ್ಷಗಳ ಬಳಿಕ, ಹಿಂದಿನ ಗಾಲಿಯನ್ನು ಚೈನಿನಿಂದ ಓಡಿಸುವ ರೋವರ್ ಸೈಕಲ್ಲು ಬಂದು ಇಂದಿನ ಸೈಕಲ್ಲಿನ ಆಕಾರ ನಿಶ್ಚಿತವಾಯಿತು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ಅಂತರ ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರು, ಚಕ್ರದ ಹಲ್ಲುಗಳ ನಡುವಣ ಅಂತರವೂ ಅಷ್ಟೆ. ಈ ಎರಡು ಅಳತೆಗಳು ಒಂದಕ್ಕೊಂದು ಒಪ್ಪಿರುವವರೆಗೆ ಭಾರವು ಹಲವು ಹಲ್ಲುಗಳಿಗೆ ಹಂಚಿಹೋಗುತ್ತದೆ.

ಚೈನು ಹಿಗ್ಗಿತೆಂದು ಎಲ್ಲರೂ ಹೇಳುತ್ತಾರೆ; ನಿಜದಲ್ಲಿ ಅದರ ಉಕ್ಕಿನ ಪಟ್ಟಿಗಳು ಎಳ್ಳಷ್ಟೂ ಹಿಗ್ಗಿರುವುದಿಲ್ಲ. ರಸ್ತೆಯ ಕೆಂಧೂಳು ಎಣ್ಣೆಯೊಡನೆ ಬೆರೆತು ಪಿನ್ನು ಬುಷ್ಷುಗಳ ಸಂದಿನೊಳಗೆ ಹೊಕ್ಕು, ಕಣ್ಣಿಗೆ ಕಾಣದ ಆ ಸ್ಥಳದಲ್ಲಿ ಲೋಹವನ್ನು ಅರೆಯುತ್ತ ಹೋಗುತ್ತದೆ. ಒಂದೊಂದು ಸಂಧಿಯಲ್ಲಿ ಸವೆಯುವುದು ಕೂದಲೆಳೆಯಷ್ಟು. ಸಂಧಿಗಳಾದರೋ ನೂರಕ್ಕೂ ಮಿಗಿಲು. ಎಲ್ಲವೂ ಸೇರಿ ಇಡೀ ಚೈನು ಏಳೆಂಟು ಮಿಲಿಮೀಟರು ಉದ್ದವಾದಾಗ ರೋಲರುಗಳು ಹಲ್ಲಿನ ಬುಡದಲ್ಲಿ ಕೂರಲಾರದೆ ತುದಿಯ ಕಡೆಗೆ ಏರತೊಡಗುತ್ತವೆ.

ಪರೀಕ್ಷೆಗೆ ಒಂದು ಸ್ಟೀಲು ಸ್ಕೇಲು ಸಾಕು. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ಮಧ್ಯದಿಂದ ಇಪ್ಪತ್ತನಾಲ್ಕು ಕೊಂಡಿ ಅಳೆದರೆ ಹೊಸದರಲ್ಲಿ ಸರಿಯಾಗಿ 12 ಅಂಗುಲ ಬರಬೇಕು. ಅದಕ್ಕಿಂತ ಒಂದು ವೀಸ, ಎಂದರೆ ಅಂಗುಲದ ಹದಿನಾರನೆಯ ಒಂದು ಪಾಲು ಹೆಚ್ಚಿದ್ದರೆ ಚೈನನ್ನು ಬದಲಿಸುವ ಕಾಲ ಬಂದಿತು. ಎರಡು ವೀಸ ಹೆಚ್ಚಿದ್ದರೆ ಕೇಡು ಹಲ್ಲುಗಳಿಗೂ ತಗುಲಿರುತ್ತದೆ.

ಆದರೆ ಸ್ಕೇಲನ್ನು ಕೈಗೆತ್ತಿಕೊಳ್ಳುವ ಮೊದಲು ಸದ್ದಿನ ಲಯವನ್ನು ಕೇಳುವುದು ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಹಲ್ಲು ತಪ್ಪುವ ಕಾಲವೇ ರೋಗದ ಸ್ಥಾನವನ್ನು ತೋರಿಸುತ್ತದೆ. 112 ಕೊಂಡಿಯ ಚೈನು 48 ಹಲ್ಲಿನ ಚಕ್ರದ ಮೇಲೆ ಓಡುತ್ತಿದ್ದರೆ ಪೆಡಲು ಏಳು ಸುತ್ತು ತಿರುಗುವಷ್ಟರಲ್ಲಿ ಚೈನು ಮೂರು ಸುತ್ತು ಬರುತ್ತದೆ. ಆದ್ದರಿಂದ ಎರಡು ಸುತ್ತಿಗೂ ಸ್ವಲ್ಪ ಮೀರಿ, ಹದ ತಪ್ಪದೆ ಮರಳಿ ಮರಳಿ ಬರುವ ಕುಲುಕು, ತುಕ್ಕು ಹಿಡಿದು ಬಾಗಲೊಲ್ಲದ ಯಾವುದೋ ಒಂದು ಕೊಂಡಿಯದು. ಅಂಥದನ್ನು ಎರಡು ಕೈಗಳಿಂದ ಅಡ್ಡಡ್ಡಲಾಗಿ ಮೆಲ್ಲನೆ ಬಾಗಿಸಿ ಎಣ್ಣೆ ಬಿಟ್ಟರೆ ಕಾಸು ಖರ್ಚಿಲ್ಲದೆ ಸರಿಹೋಗುತ್ತದೆ. ಪ್ರತಿ ಸುತ್ತಿನಲ್ಲಿಯೂ ಪೆಡಲು ಒಂದೇ ಸ್ಥಾನಕ್ಕೆ ಬಂದಾಗ ಸದ್ದಾದರೆ ಮುಂದಿನ ಚಕ್ರದ ಹಲ್ಲು ಬಾಗಿರಬಹುದು, ಇಲ್ಲವೆ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನು ಸಡಿಲವಾಗಿರಬಹುದು. ಲಯವಿಲ್ಲದೆ, ಭಾರ ಬಿದ್ದಾಗ ಮಾತ್ರ ತಪ್ಪಿದರೆ ಸವೆತವನ್ನೋ ಹಿಂದಿನ ಹಲ್ಲುಚಕ್ರವಾದ ಫ್ರೀವೀಲನ್ನೋ ಶಂಕಿಸತಕ್ಕದ್ದು.

ಈ ಎರಡನ್ನು ಬೇರ್ಪಡಿಸಲು ಒಂದು ಸೊಗಸಾದ ಉಪಾಯವಿದೆ. ಫ್ರೀವೀಲಿನ ಒಂದು ಹಲ್ಲಿಗೂ ಅದರ ಮೇಲೆ ಕುಳಿತ ಕೊಂಡಿಗೂ ಸೀಮೆಸುಣ್ಣದಿಂದ ಗುರುತು ಹಾಕಿ, ಹಿಂದಿನ ಬ್ರೇಕನ್ನು ಬಲವಾಗಿ ಹಿಡಿದು, ಪೆಡಲನ್ನು ಒತ್ತಿ ನೋಡಬೇಕು. ಎರಡು ಗುರುತುಗಳು ಒಂದನ್ನೊಂದು ಅಗಲಿದರೆ ತಪ್ಪಿದುದು ಚೈನು. ಗುರುತುಗಳು ಜೊತೆಯಾಗಿಯೇ ಮುಂದೆ ಸರಿದು ಗಾಲಿ ಮಾತ್ರ ನಿಂತಲ್ಲೇ ನಿಂತರೆ, ಫ್ರೀವೀಲಿನ ಒಳಗೆ ಸ್ಪ್ರಿಂಗಿನ ಬಲದಿಂದ ಮೇಲೆದ್ದು ಕಚ್ಚಿಕೊಳ್ಳಬೇಕಾದ ಸಣ್ಣ ಉಕ್ಕಿನ ನಾಲಿಗೆಗಳು ಹಳೆಯ ಜಿಡ್ಡಿನಲ್ಲಿ ಸಿಕ್ಕಿಕೊಂಡಿವೆ ಎಂದು ತಿಳಿಯಬೇಕು. ಸೀಮೆಎಣ್ಣೆಯಲ್ಲಿ ತೊಳೆದು ತೆಳು ಎಣ್ಣೆ ಬಿಟ್ಟರೆ ಅವು ಬಹುಮಟ್ಟಿಗೆ ಎಚ್ಚರಗೊಳ್ಳುತ್ತವೆ. ಗಟ್ಟಿ ಗ್ರೀಸು ತುಂಬಿದರೆ ಮತ್ತೆ ಅದೇ ಪಾಡು.

ಹೊಸ ಚೈನು ಹಾಕಿಸಿದ ಮರುದಿನವೇ ಹಲ್ಲು ತಪ್ಪುವ ಪ್ರಸಂಗ ಬಹಳ ಜನರನ್ನು ದಿಗ್ಭ್ರಮೆಗೊಳಿಸುತ್ತದೆ. ಹಲಸೂರಿನ ಬಜಾರು ಬೀದಿಯ ಬದಿಯಲ್ಲಿ ಪಂಪು, ಪಾನಾಗಳನ್ನು ಹರಡಿಕೊಂಡು ಕುಳಿತಿದ್ದ ವೃದ್ಧ ಮೆಕ್ಯಾನಿಕರೊಬ್ಬರು ಇಂಥ ದೂರನ್ನು ಕೇಳಿ, “ಚೈನ್ ಹೊಸದು ಸಾರ್, ಫ್ರೀವೀಲ್ ಹಳೇದು. ಹಳೇ ಹಲ್ಲು ಹೊಸ ಚೈನನ್ನ ಹಿಡಿಯಲ್ಲ. ಎರಡೂ ಒಟ್ಟಿಗೇ ಹಾಕಬೇಕು” ಎಂದರು. ಯಂತ್ರಶಾಸ್ತ್ರದ ಪುಸ್ತಕವೂ ಇದಕ್ಕಿಂತ ಹೆಚ್ಚೇನನ್ನೂ ಹೇಳಲಾರದು. ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ 18 ಹಲ್ಲು. ಮುಂದಿನದು ಒಮ್ಮೆ ತಿರುಗಿದರೆ ಹಿಂದಿನದು ಎರಡೂವರೆ ಸುತ್ತಿಗೂ ಹೆಚ್ಚು ತಿರುಗಬೇಕಾದುದರಿಂದ ಅದರ ಒಂದೊಂದು ಹಲ್ಲಿಗೂ ದುಡಿಮೆ ಅಧಿಕ, ಸವೆತವೂ ಅಧಿಕ. ಉದ್ದವಾದ ಚೈನಿನೊಡನೆ ವರ್ಷಗಟ್ಟಲೆ ಬಾಳಿ ಅವು ಕೊಕ್ಕೆಯಂತೆ ಒಂದು ಪಕ್ಕಕ್ಕೆ ವಾಲಿ ಅದರ ಅಳತೆಗೇ ಒಗ್ಗಿರುತ್ತವೆ; ಸರಿಯಾದ ಅಳತೆಯ ಹೊಸ ಚೈನಿನ ರೋಲರು ಆ ಹಲ್ಲಿನ ಬುಡಕ್ಕೆ ಇಳಿಯದೆ ಬೆನ್ನೇರಿ ಜಾರುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಫ್ರೀವೀಲು ಕೊಳ್ಳುವವರು ತುಕ್ಕನ್ನು ನೋಡಿ ಹಿಂಜರಿಯಬೇಕಾಗಿಲ್ಲ, ಹಲ್ಲಿನ ಎರಡು ಪಕ್ಕಗಳೂ ಸಮವಾಗಿವೆಯೇ ಎಂಬುದನ್ನು ಮಾತ್ರ ಬೆಳಕಿಗೆ ಹಿಡಿದು ನೋಡಬೇಕು.

ಜೋಡಿಸುವಾಗ ಹಿಂದಿನ ಗಾಲಿಯನ್ನು ಹಿಂದಕ್ಕೆ ಸರಿಸಿ, ಚೈನಿನ ನಡುಭಾಗವು ಮೇಲೆಕೆಳಗೆ ಸುಮಾರು ಅರ್ಧ ಅಂಗುಲ ಆಡುವಂತೆ ಬಿಟ್ಟು, ಗಾಲಿ ಚೌಕಟ್ಟಿನ ಮಧ್ಯದಲ್ಲಿ ನೇರವಾಗಿರುವಂತೆ ಎರಡು ನಟ್ಟುಗಳನ್ನೂ ಬಿಗಿಯತಕ್ಕದ್ದು. ಹಳೆಯ ಚಕ್ರಗಳು ಪೂರ್ಣ ವೃತ್ತವಾಗಿರುವುದು ಅಪೂರ್ವ. ಆದಕಾರಣ ಪೆಡಲನ್ನು ತಿರುಗಿಸುತ್ತ ಚೈನು ಅತ್ಯಂತ ಬಿಗಿಯಾಗುವ ಸ್ಥಾನವನ್ನು ಹುಡುಕಿ ಅಲ್ಲಿಯೇ ಈ ಸಡಿಲವನ್ನು ಅಳೆಯಬೇಕು. ಚೈನಿನ ಎರಡು ಕೊನೆಗಳನ್ನು ಕೂಡಿಸುವ ಚೈನ್ ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೂ, ತೆರೆದ ಬಾಯಿ ಅದರ ಹಿಂದಕ್ಕೂ ಇರಲಿ. ಎಣ್ಣೆಯನ್ನು ಒಂದೊಂದು ರೋಲರಿಗೂ ಒಂದು ತೊಟ್ಟಿನಂತೆ ಬಿಟ್ಟು, ಪೆಡಲನ್ನು ಹಿಮ್ಮುಖವಾಗಿ ಕೆಲಕಾಲ ತಿರುಗಿಸಿ ಅದು ಒಳಗಿಳಿದ ಮೇಲೆ, ಹೊರಗೆ ಉಳಿದುದನ್ನು ಬಟ್ಟೆಯಿಂದ ಪೂರ್ತಿಯಾಗಿ ಒರಸಿಬಿಡಬೇಕು.