ಹಲ್ಲಿಯ ಬಾಲ, ನಮ್ಮ ಬೆನ್ನುಹುರಿ

ಬೈಲಕುಪ್ಪೆ ಕಡೆಯ ಹೆಂಚಿನ ಮನೆಗಳಲ್ಲಿ ಹಲ್ಲಿಗಳಿಗೆ ಬರವಿಲ್ಲ. ಬಾಗಿಲ ಸಂದಿಗೆ ಸಿಕ್ಕಿ ಬಾಲ ಕಳಚಿಕೊಂಡು ಓಡಿದ ಹಲ್ಲಿಯನ್ನು ನೀವೂ ನೋಡಿರುತ್ತೀರಿ. ಕೆಲವು ವಾರಗಳಲ್ಲಿ ಅದಕ್ಕೆ ಹೊಸ ಬಾಲ ಮೂಡುತ್ತದೆ. ಹಾಗಾದರೆ ಮರದಿಂದಲೋ, ಮಡಿಕೇರಿ ರಸ್ತೆಯಲ್ಲಿ ಬೈಕಿನಿಂದಲೋ ಬಿದ್ದು ಬೆನ್ನುಹುರಿ ಕತ್ತರಿಸಿಹೋದವರ ಕಾಲಿಗೆ ಶಕ್ತಿ ಮರಳುವುದಿಲ್ಲವೇಕೆ?

ಉತ್ತರದ ಒಂದು ಭಾಗ ನರಕೋಶಗಳ ನೆರೆಹೊರೆಯಲ್ಲಿದೆ. ಅವುಗಳಿಗೆ ಪೋಷಣೆ ಒದಗಿಸುವ, ಕಸ ತೆಗೆಯುವ, ತಂತುಗಳಿಗೆ ಕೊಬ್ಬಿನ ಹೊದಿಕೆ ಹಾಕುವ ಕೋಶಗಳೇ ಗ್ಲಿಯಾ. 1856ರಲ್ಲಿ ಜರ್ಮನಿಯ ವೈದ್ಯ ವಿರ್ಶೋ ಇವನ್ನು ‘ನರದ ಅಂಟು’ ಎಂದು ಕರೆದರು. ಪಾಪ, ಅಷ್ಟೊಂದು ದುಡಿಯುವವಕ್ಕೆ ಅಂಟೆಂಬ ಹೆಸರು! ನಮ್ಮ ಮಿದುಳಿನಲ್ಲಿ ನರಕೋಶಗಳು ಸುಮಾರು 8,600 ಕೋಟಿ. ಗ್ಲಿಯಾ ಮೊದಲಾದ ಇತರ ಕೋಶಗಳೂ ಹೆಚ್ಚುಕಡಿಮೆ ಅಷ್ಟೇ.

ಹಲ್ಲಿಯ ಬೆನ್ನುಹುರಿಯ ನಡುವೆ ಸಣ್ಣದೊಂದು ಕಾಲುವೆಯಿದೆ. ಬಾಲ ಕಳಚಿದಾಗ ಆ ಕಾಲುವೆಯ ಗೋಡೆಯ ಗ್ಲಿಯಾ ಜಾತಿಯ ಕೋಶಗಳು ವೃದ್ಧಿಸಿ ಕೊಳವೆಯೊಂದನ್ನು ಬೆಳೆಸುತ್ತವೆ. ಬುಡದ ಕೆಲವು ನರತಂತುಗಳು, ಚಪ್ಪರ ಹಿಡಿದ ಅವರೆ ಬಳ್ಳಿಯಂತೆ, ಅದರ ಗುಂಟ ಸಾಗುತ್ತವೆ. ಆದರೂ ಹೊಸ ಬಾಲ ಹಳೆಯದರಂತಲ್ಲ. ಒಳಗೆ ಬೆನ್ನೆಲುಬಿನ ಮಣಿಗಳ ಬದಲು ಮೃದ್ವಸ್ಥಿಯ ನಳಿಕೆ. ಸ್ನಾಯುಗಳಿಗೆ ನರ ಬರುವುದೂ ಹಳೆಯ ಬುಡದಿಂದಲೇ.

ನಮ್ಮ ಬೆನ್ನುಹುರಿಯಲ್ಲಿ ಕಥೆ ಬೇರೆ. ಪೆಟ್ಟು ಬಿದ್ದ ಜಾಗದ ಸುತ್ತ ನಕ್ಷತ್ರಾಕಾರದ ಗ್ಲಿಯಾ ಕೋಶಗಳು ಒತ್ತಾಗಿ ಸೇರಿ ಗೋಡೆ ಕಟ್ಟುತ್ತವೆ. ಉರಿಯೂತ ಪಕ್ಕಕ್ಕೆ ಹರಡದಂತೆ ಅದು ಬೇಲಿ. ಆದರೆ ನರತಂತು ಮತ್ತೆ ಬೆಳೆಯಲು ಅಲ್ಲಿನ ವಾತಾವರಣ ಒಗ್ಗುವುದಿಲ್ಲ. ಕೈಕಾಲಿನ ನರಗಳ ಅದೃಷ್ಟ ವಾಸಿ. ಅಲ್ಲಿ ಶ್ವಾನ್ ಕೋಶಗಳು ದಾರಿ ತೋರುವುದರಿಂದ ತುಂಡಾದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯಬಲ್ಲದು.

ಆದ್ದರಿಂದ ಬೆನ್ನುಹುರಿಯಲ್ಲಿ ಉಳಿದಿರುವ ತಂತುಗಳನ್ನು ಕಾಪಾಡುವುದೇ ಮುಖ್ಯ. ಮೇಲಿನಿಂದ ಬಿದ್ದವರು ಕುತ್ತಿಗೆ, ಬೆನ್ನು ನೋವೆಂದರೆ, ಕೈಕಾಲು ಜೋಮು ಹಿಡಿದಿದೆ ಎಂದರೆ ಅವರನ್ನು ಎಬ್ಬಿಸಿ ಕೂರಿಸಬೇಡಿ. ಕೈಕಾಲು ಹಿಡಿದೆತ್ತಿ ಆಟೋದೊಳಗೆ ಮಡಚಿ ತುರುಕುವುದಂತೂ ಬೇಡವೇ ಬೇಡ. 108ಕ್ಕೆ ಫೋನ್ ಮಾಡಿ, ತಲೆ ಅಲುಗದಂತೆ ಎರಡೂ ಕೈಗಳಿಂದ ಹಿಡಿದುಕೊಂಡಿರಿ. ಬೆಂಕಿ, ವಾಹನದಂತಹ ಅಪಾಯವಿದ್ದು ಸರಿಸಲೇಬೇಕಾದರೆ ನಾಲ್ಕು ಜನ ಸೇರಿ, ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿರುವಂತೆ, ಮರದ ದಿಮ್ಮಿ ಉರುಳಿಸಿದ ಹಾಗೆ ಒಟ್ಟಿಗೆ ಹೊರಳಿಸಿ ಗಟ್ಟಿ ಹಲಗೆಯ ಮೇಲೆ ಮಲಗಿಸಿ.