ಬ್ಯಾಡಗಿಯ ಮೆಣಸಿನಕಾಯಿ ಚಳಿಯಲ್ಲಿ ಕುಳಿತಾಗ

ದಾದರಿನಲ್ಲಿ ನೆಲಸಿದ ನಮ್ಮವರ ಮನೆಗಳಲ್ಲಿ ವರ್ಷಕ್ಕೊಮ್ಮೆ ಒಂದು ಚರ್ಚೆ ನಡೆಯುವುದುಂಟು: ಖಾರದಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಊರಿನಿಂದ ತರಿಸುವುದೋ, ಇಲ್ಲಿಯೇ ಕೊಳ್ಳುವುದೋ? ಕಳೆದ ಆಗಸ್ಟಿನಲ್ಲಿ ನಾವು ಸ್ಟೇಷನ್ನಿನ ಬಳಿ ಕೊಂಡ ಕಾಯಿ ಮೊನ್ನೆ ಒಣಗಿಸಿದಂತೆ ಕೆಂಪಗಿದ್ದಿತು. ಫೆಬ್ರುವರಿಯಲ್ಲಿ ಕೊಯ್ದ ಕಾಯಿ ಮಳೆಗಾಲದಲ್ಲಿ ಹೀಗಿರುವುದೆಂತು ಎಂದು ಮನೆಯವರು ಕೇಳಿದರು. “ಕೋಲ್ಡ್ ಸ್ಟೋರೇಜಿನ ಮಾಲು, ವಹಿನಿ” ಎಂದನು ಅಂಗಡಿಯವನು.

ಆ ಮಾತಿನ ಹಿಂದಿನ ಕಷ್ಟ ನಮಗೆ ಸ್ವಲ್ಪ ಗೊತ್ತು. ಹಾವೇರಿ ಜಿಲ್ಲೆಯಲ್ಲಿರುವ ನಮ್ಮ ಸೋದರಮಾವನವರ ೪೦ ಚೀಲ ಕಾಯಿ ಒಂದು ವರ್ಷ ಅಂಥ ಶೈತ್ಯಾಗಾರದಲ್ಲಿ ಕುಳಿತಿದ್ದಿತು.

ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಸೆಕೆ ತಾಗಿದರೆ ಈ ಬಣ್ಣ ಮಾಸುತ್ತದೆ, ಹುಳುವೂ ಬೀಳುತ್ತದೆ. ನಾಲ್ಕರಿಂದ ಎಂಟು ಡಿಗ್ರಿಯ ಚಳಿಯಲ್ಲಿ ಕತ್ತಲೆಯೊಳಗಿಟ್ಟರೆ ಬಹುಮಟ್ಟಿಗೆ ಉಳಿಯುತ್ತದೆ. ಆದಕಾರಣ ಬ್ಯಾಡಗಿ ಪೇಟೆಯ ಸುತ್ತ ಶೈತ್ಯಾಗಾರಗಳು ಎದ್ದು ನಿಂತಿವೆ.

ಕಟ್ಟಿದ ಮಾತ್ರಕ್ಕೆ ಅವು ನಡೆಯುವುದಿಲ್ಲವಷ್ಟೆ. ಹೊರಗೆ ೪೦ ಡಿಗ್ರಿ ಬಿಸಿಲಿರುವಾಗ ಒಳಗೆ ಚಳಿ ಹಿಡಿದಿಡಬೇಕು; ಯಂತ್ರ ಹಗಲಿರುಳು ತಿರುಗಬೇಕು; ವಿದ್ಯುತ್ತು ಹೋದರೆ ಡೀಸೆಲ್ ಸುಡಬೇಕು. ತಂಪು ಕೊಡುವ ಅಮೋನಿಯಾ ಸೋರಿದರೆ ಆಳುಗಳ ಜೀವಕ್ಕೇ ಅಪಾಯ. ಸರಿಯಾಗಿ ಒಣಗದ ಒಂದು ಚೀಲ ಒಳಗೆ ಸೇರಿದರೆ ಬೂಷ್ಟು ಹಿಡಿದು ನೆರೆಯ ಚೀಲಗಳನ್ನೂ ಕೆಡಿಸುತ್ತದೆ. ಮಳೆಗಾಲದಲ್ಲಿ ತಣ್ಣನೆಯ ಚೀಲವನ್ನು ಥಟ್ಟನೆ ಹೊರಗೆ ತಂದರೆ ಬೆವರುತ್ತದೆ. ಮೊದಲು ಬಂದ ಚೀಲ ಎಲ್ಲಕ್ಕಿಂತ ಹಿಂದೆ ಸೇರಿರುವುದು ಇನ್ನೊಂದು ತೊಡಕು. ನಮ್ಮ ಕಚೇರಿಯ ಕಡತಗಳ ಅನುಭವವುಳ್ಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಎಲ್ಲ ಮಾಲಿಗೂ ಒಂದೇ ಕೋಣೆ ಒಗ್ಗುವುದೂ ಇಲ್ಲ. ಬಾಳೆಹಣ್ಣು ೧೩ ಡಿಗ್ರಿಗಿಂತ ಕೆಳಗೆ ಕಪ್ಪಾಗುತ್ತದೆ. ಆಲೂಗಡ್ಡೆ ಅತಿ ಚಳಿಗೆ ಸಿಹಿಯಾಗುತ್ತದೆ. ನಮ್ಮ ದೇಶದ ಶೈತ್ಯಾಗಾರಗಳಲ್ಲಿ ಹೆಚ್ಚಿನವು ಆಲೂಗಡ್ಡೆಗೆಂದೇ ಕಟ್ಟಿದವು.

ಇವೆಲ್ಲಕ್ಕಿಂತ ದೊಡ್ಡ ಗಂಡಾಂತರ ಬೆಲೆಯದು. ೨೦೨೩ರ ಆರಂಭದಲ್ಲಿ ಬ್ಯಾಡಗಿ ಕಾಯಿಗೆ ಒಳ್ಳೆಯ ಧಾರಣೆಯಿದ್ದಿತು. ಮಾವನವರು ಫೋನು ಮಾಡಿ, “ನೀ ಪೇಟೆಯೊಳಗಿರಾಂವ, ಮಾರಲೋ ಇಡಲೋ, ನೀನ ಹೇಳಪಾ” ಎಂದರು. ಮುಂಬಯಿಯ ಅಂಗಡಿಯ ದರ ನೋಡಿ, ಇನ್ನೂ ಏರೀತೆಂದು ನಾವು ಇಡಲು ಹೇಳಿದೆವು. ಬಿ. ಎ. ಓದಿದ ಸೋದರಳಿಯನ ಮಾತಲ್ಲವೆ! ಅವರು ಇಟ್ಟರು; ಚೀಟಿಯ ಮೇಲೆ ಸಾಲವನ್ನೂ ತೆಗೆದರು.

ಮುಂದಿನ ಹಂಗಾಮಿಗೆ ಹೊಸ ಕಾಯಿ ಹೊಳೆಯಂತೆ ಬಂದಿತು. ಹಳೆಯ ದಾಸ್ತಾನು ಇನ್ನೂ ಒಳಗೇ ಇದ್ದಿತು. ೨೦೨೪ರ ಮಾರ್ಚ್ ೧೧, ಸೋಮವಾರ, ಪೇಟೆಯ ದಿನ, ಬೆಲೆ ಕುಸಿದುದಕ್ಕೆ ಸಿಟ್ಟಿಗೆದ್ದ ರೈತರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳಿಗೆ ಬೆಂಕಿ ಬಿದ್ದಿತು. ಆ ಸುದ್ದಿಯನ್ನು ನಾವು ಲೋಕಲ್ ಗಾಡಿಯಲ್ಲಿ ನಿಂತು ಓದಿದೆವು. ಮಾವನವರು ಅಂದು ಪೇಟೆಗೆ ಹೋಗಿರಲಿಲ್ಲವೆಂದು ತಿಳಿಯುವವರೆಗೂ ಜೀವ ನಿಲ್ಲಲಿಲ್ಲ.

ಇಂಥ ಹೊತ್ತಿನಲ್ಲಿ ಶೈತ್ಯಾಗಾರದವನ ಪಾಡನ್ನೂ ನೋಡಬೇಕು. ಬಾಡಿಗೆ, ಸಾಲ, ಬಡ್ಡಿ ಸೇರಿ ಮಾಲಿನ ಬೆಲೆಯನ್ನೇ ಮೀರಿದರೆ ಮಾಲೀಕನು ಚೀಲ ಬಿಡಿಸಿಕೊಳ್ಳಲು ಬರುವುದೇ ಇಲ್ಲ. ಹೊಸ ಮಾಲಿಗೆ ಜಾಗವಿಲ್ಲ, ಯಂತ್ರ ನಿಲ್ಲಿಸುವಂತಿಲ್ಲ, ಹರಾಜು ಹಾಕೋಣವೆಂದರೆ ಸಾಲ ಕೊಟ್ಟ ಬ್ಯಾಂಕಿನ ಹಕ್ಕೂ ಅಡ್ಡ ಬರುತ್ತದೆ. ರೈತನ ಸಿಟ್ಟು ನ್ಯಾಯವಾದುದೇ. ಆದರೆ ಬಾಡಿಗೆ ಕೇಳುವವನೆಲ್ಲ ಸುಲಿಗೆಗಾರನೆಂಬ ಮಾತನ್ನು ನಾವು ಒಪ್ಪೆವು.

ಮಾವನವರು ಆ ಬೇಸಗೆಯಲ್ಲಿ ೪೦ ಚೀಲವನ್ನೂ “ಹಳೆ ಕಾಯಿ” ದರಕ್ಕೆ ಮಾರಿದರು. ಬಾಡಿಗೆ, ಬಡ್ಡಿ ಕಳೆದು ಬೀಜ ಗೊಬ್ಬರದ ಖರ್ಚೂ ಪೂರ್ತಿ ಹುಟ್ಟಲಿಲ್ಲ. ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅದೇ ನಮಗೆ ಹೆಚ್ಚು ಚುಚ್ಚಿತು.

ಮರುವರ್ಷ ಅವರು ಅರ್ಧ ಮಾಲನ್ನು ಬಂದ ಬೆಲೆಗೆ ಮಾರಿ, ಅರ್ಧವನ್ನು ಚೆನ್ನಾಗಿ ಒಣಗಿಸಿ, ಸಾಲವಿಲ್ಲದೆ ಇಟ್ಟರಂತೆ. ಹುಬ್ಬಳ್ಳಿಯ ರೈಲಿನಲ್ಲಿ ಬಂದ ಪರಿಚಿತರ ಕೈಯಲ್ಲಿ ನಮಗೆ ಎರಡು ಕಿಲೋ ಡಬ್ಬಿ ಕಾಯಿ ಕಳಿಸಿದಾಗ ಈ ಸುದ್ದಿ ತಿಳಿಯಿತು. ಇಡಲೋ ಮಾರಲೋ ಎಂದು ಈ ಸಲ ನಮ್ಮನ್ನು ಕೇಳಿರಲಿಲ್ಲ.